ಅಂಗಡಿಯ ದಾಸ್ತಾನು: ಎಷ್ಟು? ಯಾವಾಗ?

ನಮ್ಮ ತಂದೆಯವರದು ಹಳ್ಳಿಯಲ್ಲೊಂದು ಸಣ್ಣ ದಿನಸಿ ಅಂಗಡಿ. ಅವರು ಓದಿದ್ದು ಮೂರನೆಯ ತರಗತಿಯವರೆಗೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಮೇಲೆ, ತರಗತಿಯಲ್ಲಿ ಕೇಳಿದ ಮಾತುಗಳು ಅಪ್ಪನ ಅಂಗಡಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂದು ನೋಡುವ ಚಪಲ ನನಗೆ ಹತ್ತಿತು. ಅದರಿಂದ ಒಂದು ಲಾಭವೂ ಆಯಿತು, ಒಂದು ನಷ್ಟವೂ ಆಯಿತು. ಎರಡನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೊಠಡಿ ತುಂಬ ಮೂಟೆಗಳಿದ್ದರೆ ಅದು ಸಿರಿವಂತಿಕೆಯ ಗುರುತು ಎಂದು ಜನ ಭಾವಿಸುತ್ತಾರೆ. ಆದರೆ ಮಾರಾಟವಾಗದೆ ಬಿದ್ದಿರುವ ಮೂಟೆ ಎಂದರೆ ದುಡಿಯದೆ ಮಲಗಿರುವ ಹಣ. ಆ ಹಣ ಸಾಲದ್ದಾದರೆ ಮೂಟೆ ಮಲಗಿದ್ದರೂ ಬಡ್ಡಿ ಮಲಗುವುದಿಲ್ಲ. ಹಾಗೆಂದು ಕಡಿಮೆ ತರಿಸಿದರೆ ಗಿರಾಕಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಆದುದರಿಂದ ಚಿಲ್ಲರೆ ಅಂಗಡಿಯಿಂದ ಹಿಡಿದು ದೊಡ್ಡ ಕಾರ್ಖಾನೆಯವರೆಗೆ ಎಲ್ಲರನ್ನೂ ಕಾಡುವ ಪ್ರಶ್ನೆಗಳು ಎರಡೇ: ಒಂದು ಸಲಕ್ಕೆ ಎಷ್ಟು ತರಿಸಬೇಕು? ಯಾವಾಗ ತರಿಸಬೇಕು?

ಮೊದಲನೆಯ ಪ್ರಶ್ನೆಗೆ ಗಣಿತದಿಂದ ಉತ್ತರ ಕೊಟ್ಟವನು ಅಮೆರಿಕದ ಫೋರ್ಡ್ ವಿಟ್‌ಮನ್ ಹ್ಯಾರಿಸ್. ೧೯೧೩ರಲ್ಲಿ ‘ಫ್ಯಾಕ್ಟರಿ’ ಎಂಬ ಪತ್ರಿಕೆಯಲ್ಲಿ ಅವನ ಲೇಖನ ಪ್ರಕಟವಾಯಿತು. ಆತ ಹೈಸ್ಕೂಲಿನಿಂದಾಚೆಗೆ ಓದಿದವನಲ್ಲ. ಸ್ವಂತ ಪರಿಶ್ರಮದಿಂದ ಎಂಜಿನಿಯರನಾದವನು. ಅವನ ಸೂತ್ರ ಬಹುಕಾಲ ವಿಲ್ಸನ್ ಎಂಬ ಮತ್ತೊಬ್ಬನ ಹೆಸರಿನಲ್ಲಿ ಪ್ರಚಾರದಲ್ಲಿತ್ತು. ಮೂರನೆಯ ತರಗತಿ ಓದಿದವರ ಮಗಳಾದ ನನಗೆ ಈ ಸಂಗತಿ ವಿಶೇಷವಾಗಿ ಹಿಡಿಸಿತು.

ಸೂತ್ರದ ಹುರುಳು ಇಷ್ಟೆ. ಸರಕನ್ನು ತರಿಸುವುದಕ್ಕೆ ಒಂದು ಖರ್ಚು, ಇಟ್ಟುಕೊಳ್ಳುವುದಕ್ಕೆ ಒಂದು ಖರ್ಚು. ಪದೇ ಪದೇ ತರಿಸಿದರೆ ಮೊದಲನೆಯದು ಏರುತ್ತದೆ. ಒಂದೇ ಸಲ ರಾಶಿ ತರಿಸಿದರೆ ಎರಡನೆಯದು ಏರುತ್ತದೆ. ಎರಡೂ ಸಮವಾಗುವ ಕಡೆ ಒಟ್ಟು ಖರ್ಚು ಎಲ್ಲಕ್ಕಿಂತ ಕಡಿಮೆ.

ನಮ್ಮ ಅಂಗಡಿಯ ಸಕ್ಕರೆಯನ್ನೇ ನೋಡೋಣ. ವರ್ಷಕ್ಕೆ ೫೦ ಮೂಟೆ ಮಾರಾಟ. ಒಂದು ಸಲ ತರಿಸಲು ಲಗೇಜ್ ಆಟೋ ಬಾಡಿಗೆ, ಹಮಾಲಿ, ಅರ್ಧ ದಿನ ಅಂಗಡಿ ಮುಚ್ಚಿದ ನಷ್ಟ, ಇವುಗಳಲ್ಲಿ ಸಕ್ಕರೆಯ ಪಾಲಿಗೆ ೩೨೦ ರೂಪಾಯಿ. ಲೆಕ್ಕಕ್ಕೆ ಮೂಟೆಯ ಬೆಲೆ ೨,೦೦೦ ರೂಪಾಯಿ ಎಂದು ಹಿಡಿದೆ. ಅಪ್ಪ ತಂದ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಎಂದರೆ ಒಂದು ಮೂಟೆ ವರ್ಷವಿಡೀ ಕೂತರೆ ೪೮೦ ರೂಪಾಯಿ. ಇರುವೆ, ತೇವ, ಸೋರಿಕೆಗಳಿಗೆ ೨೦ ಸೇರಿಸಿದರೆ ೫೦೦. ಈಗ ವರ್ಷದ ಮಾರಾಟವನ್ನು ತರಿಸುವ ಖರ್ಚಿನಿಂದ ಗುಣಿಸಿ, ಇಮ್ಮಡಿಸಿ, ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಬೇಕು. ೫೦ನ್ನು ೩೨೦ರಿಂದ ಗುಣಿಸಿದರೆ ೧೬,೦೦೦; ಇಮ್ಮಡಿಸಿದರೆ ೩೨,೦೦೦; ೫೦೦ರಿಂದ ಭಾಗಿಸಿದರೆ ೬೪. ಇದರ ವರ್ಗಮೂಲ ೮. ಒಂದು ಸಲಕ್ಕೆ ಎಂಟು ಮೂಟೆ!

ಅಪ್ಪ ತರಿಸುತ್ತಿದ್ದುದು ಇಪ್ಪತ್ತು. ಇಪ್ಪತ್ತಾದರೆ ತರಿಸುವ ಖರ್ಚು ವರ್ಷಕ್ಕೆ ೮೦೦. ಸರಾಸರಿ ಹತ್ತು ಮೂಟೆ ಸದಾ ಕೂತಿರುವುದರಿಂದ ಇಟ್ಟುಕೊಳ್ಳುವ ಖರ್ಚು ೫,೦೦೦. ಒಟ್ಟು ೫,೮೦೦ ರೂಪಾಯಿ. ಎಂಟಾದರೆ ಎರಡೂ ೨,೦೦೦, ಒಟ್ಟು ೪,೦೦೦. ಉಳಿತಾಯ ೧,೮೦೦. ಇದಲ್ಲದೆ ಸರಾಸರಿ ದಾಸ್ತಾನು ಹತ್ತರಿಂದ ನಾಲ್ಕಕ್ಕೆ ಇಳಿದು, ಆರು ಮೂಟೆಯ ೧೨,೦೦೦ ರೂಪಾಯಿ ಕೈಗೆ ಬಂದಿತು. ಅಪ್ಪ ಅದನ್ನು ಸಾಲಕ್ಕೆ ಕಟ್ಟಿದರು. ಇದೇ ನಾನು ಮೇಲೆ ಹೇಳಿದ ಲಾಭ. ಒಂದು ಸ್ವಾರಸ್ಯವನ್ನೂ ಇಲ್ಲಿ ಗಮನಿಸಬೇಕು. ಎಂಟರ ಬದಲು ಹತ್ತು ತರಿಸಿದರೂ ಒಟ್ಟು ಖರ್ಚು ೪,೧೦೦ ಮಾತ್ರ. ಅಂದಾಜು ಸ್ವಲ್ಪ ತಪ್ಪಿದರೂ ಈ ಸೂತ್ರ ಅಷ್ಟಾಗಿ ದಂಡಿಸುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ: ಯಾವಾಗ? ಮಂಡಿಗೆ ಹೇಳಿದ ದಿನದಿಂದ ಸರಕು ಬಂದು ಬೀಳಲು ನಮಗೆ ಒಂದು ವಾರ ಬೇಕು. ವಾರಕ್ಕೆ ಒಂದು ಮೂಟೆ ಖರ್ಚಾಗುವುದರಿಂದ ಒಂದು ಉಳಿದಿರುವಾಗ ಹೇಳಿದರೆ ಸಾಕು ಎನ್ನಬಹುದು. ಆದರೆ ಮಾರಾಟ ಪ್ರತಿ ವಾರವೂ ಒಂದೇ ಸಮ ಇರುವುದಿಲ್ಲ. ಆ ಏರಿಳಿತಕ್ಕೆಂದು ಇಡುವ ಹೆಚ್ಚುವರಿಗೆ ಸುರಕ್ಷಾ ದಾಸ್ತಾನು ಎಂದು ಹೆಸರು. ವಾರದ ಮಾರಾಟ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆಂದು ಲೆಕ್ಕ ಹಾಕಿ, ನೂರರಲ್ಲಿ ೯೫ ಸಲ ಸರಕು ಸಾಲಬೇಕೆಂದರೆ ಆ ಅಂಕಿಯನ್ನು ೧.೬೫ರಿಂದ ಗುಣಿಸುತ್ತಾರೆ. ನಮ್ಮಲ್ಲಿ ಆ ಏರಿಳಿತ ಅರ್ಧ ಮೂಟೆ, ಗುಣಿಸಿದರೆ ೦.೮, ಎಂದರೆ ಹತ್ತಿರ ಹತ್ತಿರ ಒಂದು ಮೂಟೆ. ಹೀಗಾಗಿ ಎರಡು ಮೂಟೆ ಉಳಿದಾಗ ಹೇಳಿಕಳುಹಿಸಬೇಕು ಎಂದು ನಾನು ಪುಸ್ತಕದಲ್ಲಿ ಬರೆದಿಟ್ಟೆ.

ದೊಡ್ಡ ಸಂಸ್ಥೆಗಳಲ್ಲಿ ಸಾವಿರಾರು ವಸ್ತುಗಳಿಗೆ ಇದೇ ಕೆಲಸವನ್ನು ಗಣಕಯಂತ್ರದ ತಂತ್ರಾಂಶಗಳು ಮಾಡುತ್ತವೆ. ಎಲ್ಲ ವಸ್ತುಗಳಿಗೂ ಒಂದೇ ಬಗೆಯ ಎಚ್ಚರ ಬೇಕಿಲ್ಲ. ಹೆಚ್ಚು ಹಣ ತೊಡಗಿರುವ ಕೆಲವೇ ವಸ್ತುಗಳನ್ನು ಬಿಗಿಯಾಗಿಯೂ, ಉಳಿದ ಬಹುಪಾಲನ್ನು ಸಡಿಲವಾಗಿಯೂ ನೋಡಿಕೊಳ್ಳಬೇಕೆಂಬ ‘ಎ-ಬಿ-ಸಿ’ ವಿಂಗಡಣೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಿಕೀ ಎಂಬುವರು ೧೯೫೧ರಲ್ಲಿ ವಿವರಿಸಿದರು. ಅಪ್ಪನೂ ಅಕ್ಕಿ, ಎಣ್ಣೆ, ಸಕ್ಕರೆಗಳನ್ನು ದಿನವೂ ಎಣಿಸುತ್ತಾರೆ. ಸೂಜಿ, ಬೆಂಕಿಪೊಟ್ಟಣಗಳನ್ನು ಕಣ್ಣಳತೆಯಲ್ಲೇ ಬಿಡುತ್ತಾರೆ.

ಕಾರ್ಖಾನೆಯ ಮಾತು ಸ್ವಲ್ಪ ಬೇರೆ. ನೂರು ಬೈಸಿಕಲ್ಲುಗಳನ್ನು ಮಾಡುವುದೆಂದು ನಿಶ್ಚಯವಾದರೆ ಇನ್ನೂರು ಚಕ್ರಗಳು ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಚಕ್ರಗಳ ಬೇಡಿಕೆಯನ್ನು ಪ್ರತ್ಯೇಕವಾಗಿ ಊಹಿಸಬೇಕಾಗಿಲ್ಲ. ಐ.ಬಿ.ಎಂ. ಸಂಸ್ಥೆಯ ಜೋಸೆಫ್ ಆರ್ಲಿಕಿ ಈ ತತ್ತ್ವದ ಮೇಲೆ ಸಾಮಗ್ರಿ ಯೋಜನೆಯ ಪದ್ಧತಿಯನ್ನು ಬೆಳೆಸಿ ೧೯೭೫ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮದುವೆ ಮನೆಯಲ್ಲಿ ಐನೂರು ಎಲೆಯ ಊಟ ಎಂದೊಡನೆ ಅಡುಗೆಯವರು ಅಕ್ಕಿ, ಬೇಳೆ, ತೆಂಗಿನಕಾಯಿಗಳ ಪಟ್ಟಿ ಬರೆಸುವುದಿಲ್ಲವೆ? ಅದೂ ಇದೇ ಕ್ರಮ. ನಮ್ಮ ನಾಡಿನಲ್ಲೂ ಸಣ್ಣ ವ್ಯಾಪಾರಿಗಳು ಬಳಸುವ, ಬೆಂಗಳೂರಿನ ‘ಟ್ಯಾಲಿ’ ತಂತ್ರಾಂಶದಲ್ಲಿ ಯಾವ ವಸ್ತು ಎಷ್ಟಕ್ಕಿಳಿದಾಗ ತರಿಸಬೇಕೆಂದು ನಮೂದಿಸುವ ಸೌಲಭ್ಯವಿದೆ. ತಂದೆಯ ವ್ಯಾಪಾರದ ಲೆಕ್ಕಕ್ಕೆಂದು ಮಗನು ಬರೆದುದರಿಂದ ಅದು ಹುಟ್ಟಿತೆಂದು ತಿಳಿದಾಗ ನನ್ನ ಉತ್ಸಾಹ ಇಮ್ಮಡಿಯಾಯಿತು.

ಇನ್ನು ನಷ್ಟದ ವಿಚಾರಕ್ಕೆ ಬರುತ್ತೇನೆ. ಕಳೆದ ವರ್ಷ ನಮ್ಮೂರ ಜಾತ್ರೆಗೆ ಹತ್ತು ದಿನ ಮುಂಚೆ ಅಂಗಡಿಯಲ್ಲಿ ಮೂರು ಮೂಟೆ ಸಕ್ಕರೆಯಿತ್ತು. “ಜಾತ್ರೆ ಬಂತಲ್ಲವ್ವ, ಈಗಲೇ ಮಂಡಿಗೆ ಹೇಳಿಬಿಡ್ಲಾ?” ಎಂದರು ಅಪ್ಪ. “ಬೇಡಪ್ಪ, ಎರಡಕ್ಕಿಳಿಯಲಿ, ಲೆಕ್ಕ ಹಾಗೇ ಇದೆ” ಎಂದೆ. ಓದಿದ ಮಗಳ ಮಾತೆಂದು ಅವರು ಸುಮ್ಮನಾದರು. ಎರಡಕ್ಕಿಳಿದಾಗ ಹೇಳಿಕಳುಹಿಸಿದೆವು. ಆದರೆ ಮನೆಮನೆಗೂ ನೆಂಟರು ಬಂದರು, ತೇರಿನ ಬೀದಿಯಲ್ಲಿ ಚಹಾ ಅಂಗಡಿಗಳು ಎದ್ದವು. ಸಾಮಾನ್ಯ ವಾರದಲ್ಲಿ ಒಂದು ಮೂಟೆ ಹೋಗುವ ಕಡೆ ನಾಲ್ಕು ಬೇಕಾದವು. ತೇರಿನ ದಿನ ಬೆಳಿಗ್ಗೆ ಸಕ್ಕರೆಯ ಡಬ್ಬ ಬರಿದಾಗಿತ್ತು. ಬಂದವರೆಲ್ಲ ಕೆಳಗೇರಿಯ ಅಂಗಡಿಗೆ ನಡೆದರು. ಅಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ತಪ್ಪು ಎಲ್ಲಿ ನಡೆಯಿತೆಂದು ಬಹಳ ದಿನ ಯೋಚಿಸಿದೆ. ಸೂತ್ರ ಸುಳ್ಳಲ್ಲ. ಸುರಕ್ಷಾ ದಾಸ್ತಾನು ಇರುವುದು ಆಕಸ್ಮಿಕ ಏರಿಳಿತಕ್ಕೆ. ಜಾತ್ರೆ ಆಕಸ್ಮಿಕವಲ್ಲ, ಊರಿಗೆಲ್ಲ ತಿಳಿದ ದಿನ. ಮೊದಲೇ ತಿಳಿದಿರುವುದನ್ನು ಮುನ್ನಂದಾಜಿನಲ್ಲೇ ಸೇರಿಸಬೇಕಾಗಿತ್ತು. ಋತುಮಾನದ ಏರಿಳಿತವನ್ನು ಅಂದಾಜಿನಲ್ಲಿ ಸೇರಿಸುವ ಕ್ರಮವನ್ನು ಹೋಲ್ಟ್ ೧೯೫೭ರಲ್ಲಿಯೂ ವಿಂಟರ್ಸ್ ೧೯೬೦ರಲ್ಲಿಯೂ ತೋರಿಸಿಕೊಟ್ಟಿದ್ದಾರೆ. ಇಂದಿನ ತಂತ್ರಾಂಶಗಳೂ ಅದನ್ನು ಬಳಸುತ್ತವೆ. ಆದರೆ ನಮ್ಮ ಹಬ್ಬಗಳು ಇಂಗ್ಲಿಷ್ ತಿಂಗಳುಗಳಿಗೆ ಕಟ್ಟುಬಿದ್ದವಲ್ಲ. ಯುಗಾದಿ ೨೦೨೩ರಲ್ಲಿ ಮಾರ್ಚ್ ೨೨ಕ್ಕೆ ಬಂದಿತು, ೨೦೨೪ರಲ್ಲಿ ಏಪ್ರಿಲ್ ೯ಕ್ಕೆ, ೨೦೨೫ರಲ್ಲಿ ಮತ್ತೆ ಮಾರ್ಚ್ ೩೦ಕ್ಕೆ. ಮಾರ್ಚ್ ತಿಂಗಳಲ್ಲಿ ಬೇಡಿಕೆ ಹೆಚ್ಚೆಂದು ಮೊದಲನೆಯ ವರ್ಷ ಕಲಿತ ಯಂತ್ರ ಎರಡನೆಯ ವರ್ಷ ಮಾರ್ಚಿನಲ್ಲಿ ಹೆಚ್ಚು ತರಿಸಿ, ಏಪ್ರಿಲಿನಲ್ಲಿ ಕೈಚೆಲ್ಲೀತು. ಯಾರಾದರೂ ಅದಕ್ಕೆ ಪಂಚಾಂಗವನ್ನು ಹೇಳಿಕೊಡಬೇಕು. ನಮ್ಮ ಅಂಗಡಿಯಲ್ಲಿ ಪಂಚಾಂಗ ಅಪ್ಪನ ನಾಲಗೆಯ ಮೇಲೆಯೇ ಇತ್ತು. ಕೇಳುವ ಸಹನೆ ನನಗಿರಲಿಲ್ಲ.

ಆದುದರಿಂದ ನನ್ನಂತೆ ಓದಿ ಮನೆಯ ಕಸುಬಿನ ಕಡೆಗೆ ತಿರುಗಿ ನೋಡುವ ಸಹಪಾಠಿಗಳಿಗೆ ನನ್ನ ವಿನಂತಿ ಇದು. ಲೆಕ್ಕವನ್ನು ಅವಶ್ಯವಾಗಿ ಹಾಕಿರಿ. ಇಪ್ಪತ್ತು ಮೂಟೆಯ ಬಡ್ಡಿ ಅನುಭವಿಗಳಾದ ನಮ್ಮ ತಂದೆಯವರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಲೆಕ್ಕದೊಳಕ್ಕೆ ಹೋಗುವ ಅಂಕಿಗಳನ್ನು, ಆ ಕೆಲಸದಲ್ಲಿ ಮೈ ಸವೆಸಿದವರನ್ನು ಕೇಳಿಯೇ ಬರೆಯಿರಿ.

ಈಗ ಅಂಗಡಿಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇವೆ. ಹಬ್ಬ, ಜಾತ್ರೆ, ಊರಿನ ಮದುವೆಗಳ ದಿನಕ್ಕೆ ಅಪ್ಪ ಕೆಂಪು ಗುರುತು ಹಾಕುತ್ತಾರೆ. ಅದರ ಕೆಳಗೆ ನಾನು ಮೂಟೆಯ ಸಂಖ್ಯೆ ಬರೆಯುತ್ತೇನೆ. ಈ ವರ್ಷದ ಜಾತ್ರೆಗೆ ಸಕ್ಕರೆ ಸಾಲಿತು. ತೇರು ನೆಲೆಗೆ ಬಂದ ಮೇಲೂ ಒಂದು ಮೂಟೆ ಮಿಕ್ಕಿತ್ತು. ಅದು ಸುರಕ್ಷಾ ದಾಸ್ತಾನು ಎಂದು ನಾನು ಹೇಳಿದೆ. “ಆಪತ್ತಿಗಿರಲಿ ಅಂತ ನಾವು ಮೊದಲಿಂದಲೂ ಇಡ್ತಿದ್ದುದೇ ಅಲ್ಲವೇನವ್ವ” ಎಂದು ಅಪ್ಪ ನಕ್ಕರು. ಕಳೆದ ವರ್ಷ ಕೆಳಗೇರಿಗೆ ನಡೆದವರಲ್ಲಿ ಬಹುಮಂದಿ ಮರಳಿ ಬಂದಿದ್ದಾರೆ. ಎರಡು ಮನೆಯವರು ಮಾತ್ರ ಇನ್ನೂ ಬಂದಿಲ್ಲ.