ಬೇಸಿಗೆಯಲ್ಲಿ ಮಕ್ಕಳೊಡನೆ ಬೀಗರ ಊರಿಗೆ

ಶಾಲೆಗೆ ರಜೆ ಬಂದೊಡನೆ ಜೇವರ್ಗಿ, ಅಫಜಲಪುರ, ಆಳಂದದ ಬಸ್ಸುಗಳು ಅಜ್ಜಿಯ ಊರಿಗೆ ಹೊರಟ ಮಕ್ಕಳಿಂದ ತುಂಬುತ್ತವೆ. ಆದರೆ ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ದಾಟುವುದುಂಟು. ಆದ್ದರಿಂದ ಬಿಸಿಲೇರುವ ಮೊದಲೇ ಊರು ಸೇರುವಂತೆ ಹೊರಡಿರಿ. ಕಾಯಿಸಿ ಆರಿಸಿದ ನೀರನ್ನು ಜೊತೆಗೆ ಒಯ್ದು, ಮಗು ಕೇಳುವವರೆಗೆ ಕಾಯದೆ ಆಗಾಗ್ಗೆ ಕುಡಿಸಿರಿ. 6 ತಿಂಗಳೊಳಗಿನ ಕೂಸಿಗೆ ನೀರು ಬೇಡ. ಎದೆಹಾಲನ್ನೇ ಹೆಚ್ಚು ಸಲ ಕೊಡಿರಿ. ಬೀಗರ ಮನೆಯಲ್ಲಿ ಮಕ್ಕಳಿಗೆ ಚಹಾದ ಬದಲು ಮಜ್ಜಿಗೆ ಕೇಳಲು ಸಂಕೋಚ ಬೇಡ.

ವಾಂತಿ-ಭೇದಿಯಾದರೆ ಓಆರ್‌ಎಸ್ ಪುಡಿಯ ನೀರನ್ನು ಗುಟುಕು ಗುಟುಕಾಗಿ ಕುಡಿಸಿರಿ. ಪುಡಿ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿರಿ. ಉಪ್ಪು ಹೆಚ್ಚಾದರೆ ಅಪಾಯ. ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದು, ಮಗು ಮಂಕಾದರೆ ‘ನಾಳೆ ನೋಡೋಣ’ ಎನ್ನದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.