ಬಕೆಟ್ಟಿನಲ್ಲಿ ಹಿಡಿದ ಗಾಳಿ

ಒಂದು ಪ್ಲಾಸ್ಟಿಕ್ ಬಕೆಟ್, ಅದರೊಳಗೆ ಟೆಡ್ಲಾರ್ ಹಾಳೆಯ ಚೀಲ, ಮುಚ್ಚಳಕ್ಕೊಂದು ಕವಾಟ, ಪಕ್ಕದಲ್ಲೊಂದು ಪುಟ್ಟ ಪಂಪು. ಅಮೆರಿಕದ ಲೂಸಿಯಾನಾದ ನಾರ್ಕೊ ಊರಿನಲ್ಲಿ ಶೆಲ್ ಕಂಪನಿಯ ರಾಸಾಯನಿಕ ಕಾರ್ಖಾನೆಯ ಬೇಲಿಗೆ ಹೊಂದಿಕೊಂಡೇ ಬದುಕುತ್ತಿದ್ದ ಕಪ್ಪು ಜನರ ಕೈಗೆ ಸಿಕ್ಕ ಉಪಕರಣ ಇಷ್ಟೇ. ಕೆಟ್ಟ ವಾಸನೆ ಬಂದೊಡನೆ ಅವರು ಪಂಪು ಹಾಕುತ್ತಿದ್ದರು. ಬಕೆಟ್ಟಿನ ಒಳಗಿನ ಗಾಳಿ ಹೊರಹೋದಂತೆ ಊರಿನ ಗಾಳಿ ಚೀಲಕ್ಕೆ ನುಗ್ಗುತ್ತಿತ್ತು. ಚೀಲ ನೇರ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಅದುವರೆಗೆ ಬರೀ ದೂರು ಮಾತ್ರ ಆಗಿದ್ದ ವಾಸನೆಗೆ ಹೀಗೆ ಹೆಸರೂ ಅಂಕಿಯೂ ಸಿಕ್ಕವು. ಕುಟುಂಬಗಳ ಸ್ಥಳಾಂತರದ ವೆಚ್ಚ ಭರಿಸಲು 2002ರಲ್ಲಿ ಕಂಪನಿ ಒಪ್ಪಿತು. ಹೋರಾಟ ಮುನ್ನಡೆಸಿದ ಶಿಕ್ಷಕಿ ಮಾರ್ಜಿ ರಿಚರ್ಡ್ ಅವರಿಗೆ 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಈ ಬಕೆಟ್ 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ವಕೀಲ ಎಡ್ವರ್ಡ್ ಮ್ಯಾಸ್ರಿ ಅವರ ಆಸಕ್ತಿಯಿಂದ ರೂಪುಗೊಂಡದ್ದು. 2004ರ ಹೊತ್ತಿಗೆ ಅದು ತಮಿಳುನಾಡಿನ ಕಡಲೂರಿಗೂ ಬಂದಿತ್ತು. ಅಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗರೇ ತಮ್ಮ ಗಾಳಿಯ ಮಾದರಿ ಹಿಡಿದರು.

ಈಗ ಕೈಯಲ್ಲಿ ಹಿಡಿಯುವ ಮೀಟರುಗಳು ಬಂದಿವೆ. ಅವು ಹುಡುಕುವುದು ಪೆಟ್ರೋಲು, ಪೇಂಟು, ಅಂಟು, ಪ್ಲೈವುಡ್‌ಗಳಿಂದ ಆವಿಯಾಗಿ ಏಳುವ ಬೆನ್ಜೀನ್, ಟಾಲ್ಯುಯಿನ್, ಫಾರ್ಮಾಲ್ಡಿಹೈಡ್‌ನಂಥ ಸಾವಯವ ಅನಿಲಗಳನ್ನು. ಬೆನ್ಜೀನ್ ಮತ್ತು ಫಾರ್ಮಾಲ್ಡಿಹೈಡ್ ಎರಡೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದು ಸಾಬೀತಾಗಿದೆ. ಆದರೆ ಮೀಟರು ಕೊಳ್ಳುವ ಮೊದಲು ಅದು ಏನನ್ನು ಕಾಣುತ್ತದೆ, ಏನನ್ನು ಕಾಣುವುದೇ ಇಲ್ಲ ಎಂಬುದನ್ನು ತಿಳಿಯಲೇಬೇಕು.

ತೀರಾ ಅಗ್ಗದ ಮೀಟರುಗಳಲ್ಲಿರುವುದು ಬಿಸಿ ಮಾಡಿದ ತವರದ ಆಕ್ಸೈಡ್. ಜಪಾನಿನ ನವೊಯೋಶಿ ತಗುಚಿ 1960ರ ದಶಕದಲ್ಲಿ ಅಡುಗೆ ಅನಿಲದ ಸೋರಿಕೆ ಪತ್ತೆಗೆಂದು ಬೆಳೆಸಿದ ತಂತ್ರವಿದು. ಆಕ್ಸೈಡಿನ ಮೇಲ್ಮೈಗೆ ಅಂಟಿದ ಆಮ್ಲಜನಕ ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗಿರುತ್ತದೆ. ಆವಿ ತಾಗಿದಾಗ ಆ ಆಮ್ಲಜನಕ ಖರ್ಚಾಗಿ ಹರಿವು ಹೆಚ್ಚುತ್ತದೆ. ಯಾವ ಆವಿ ಎಂಬುದು ಮಾತ್ರ ಅದಕ್ಕೆ ತಿಳಿಯದು. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರಿಗೂ ಊದುಬತ್ತಿಯ ಹೊಗೆಗೂ ಸೀಮೆಎಣ್ಣೆಗೂ ಅದರ ಮುಳ್ಳು ಒಂದೇ ತೆರನಾಗಿ ಏರುತ್ತದೆ. ಗಾಳಿಯ ತೇವ ಬದಲಾದರೂ ಅಂಕಿ ಬದಲಾಗುತ್ತದೆ. ಇಂಥ ಮೀಟರಿನ ಕೆಲವು ಮಾದರಿಗಳು ತೋರಿಸುವ ಇಂಗಾಲದ ಡೈಆಕ್ಸೈಡಿನ ಲೆಕ್ಕವೂ ಅಳತೆಯಲ್ಲ, ಬರೀ ಅಂದಾಜು.

ಇನ್ನೊಂದು ಬಗೆ ಪಿಐಡಿ, ಅಂದರೆ ಫೋಟೋ ಅಯಾನೈಸೇಶನ್ ಡಿಟೆಕ್ಟರ್. ಬೆಲೆ ಹೆಚ್ಚು, ನಿಖರತೆಯೂ ಹೆಚ್ಚು. ಇದರ ಅತಿನೇರಳೆ ದೀಪ ಸಾಮಾನ್ಯವಾಗಿ 10.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದು. ಬೆನ್ಜೀನಿನ ಅಣುವಿನಿಂದ ಎಲೆಕ್ಟ್ರಾನ್ ಕೀಳಲು 9.24 ಸಾಕು, ಹಾಗಾಗಿ ಅದು ಸಿಕ್ಕಿಬೀಳುತ್ತದೆ. ಆಮ್ಲಜನಕ, ಸಾರಜನಕಗಳಿಗೆ ಇನ್ನೂ ಹೆಚ್ಚು ಶಕ್ತಿ ಬೇಕಾದ್ದರಿಂದ ಅವು ಲೆಕ್ಕಕ್ಕೆ ಬರುವುದಿಲ್ಲ. ಫಾರ್ಮಾಲ್ಡಿಹೈಡಿಗೆ ಬೇಕಾದದ್ದು 10.88, ದೀಪದ ಶಕ್ತಿಗೆ ಮೀರಿದ್ದು. ಹೊಸ ಪ್ಲೈವುಡ್ ಬೀರುಗಳ ಕೋಣೆಯಲ್ಲಿ ಪಿಐಡಿ ಸೊನ್ನೆ ತೋರಿದರೂ ಕಣ್ಣು ಉರಿಸುವ ಆ ಅನಿಲ ಅಲ್ಲೇ ಇರಬಹುದು.

ಪ್ರಮಾಣದ ತೊಡಕೂ ಇದೆ. 2009ರ ರಾಷ್ಟ್ರೀಯ ಮಾನದಂಡದಂತೆ ನಮ್ಮ ಹೊರಗಾಳಿಯಲ್ಲಿ ಬೆನ್ಜೀನಿನ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು. ಅಂದರೆ ನೂರು ಕೋಟಿ ಭಾಗದಲ್ಲಿ ಎರಡು ಭಾಗಕ್ಕೂ ಕಡಿಮೆ. ಅಗ್ಗದ ಮೀಟರಿಗೆ ಅಷ್ಟು ಸೂಕ್ಷ್ಮ ದೃಷ್ಟಿಯಿಲ್ಲ.

ಹಾಗೆಂದು ಅದು ನಿರುಪಯೋಗಿಯಲ್ಲ. ಬಣ್ಣ ಬಳಿದ ಮನೆಯಲ್ಲಿ ಕಿಟಕಿ ತೆರೆದಾಗ ಅಂಕಿ ಎಷ್ಟು ಬೇಗ ಇಳಿಯುತ್ತದೆ, ಅಂಗಡಿಯ ಯಾವ ಮೂಲೆಯಲ್ಲಿ ಏರುತ್ತದೆ, ಎಷ್ಟು ಹೊತ್ತಿಗೆ ಏರುತ್ತದೆ ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. ಅನುಮಾನ ಹುಟ್ಟಿದ ಮೇಲೆ ಮಾದರಿ ಪ್ರಯೋಗಾಲಯಕ್ಕೇ ಹೋಗಬೇಕು. ಅದಕ್ಕೆ ಸುಲಭದ ದಾರಿ ಇದ್ದಿಲಿನ ಬ್ಯಾಡ್ಜು: ಕರೆಂಟು ಬೇಡ, ಪಂಪು ಬೇಡ, ಪಾಳಿಯುದ್ದಕ್ಕೂ ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡರೆ ಉಸಿರಾಡಿದ ಗಾಳಿಯ ಆವಿಯನ್ನು ಹೀರಿಟ್ಟುಕೊಳ್ಳುತ್ತದೆ. ಪೆಟ್ರೋಲ್ ಬಂಕಿನಲ್ಲಿ ದಿನವಿಡೀ ನಳಿಗೆ ಹಿಡಿದು ನಿಲ್ಲುವವರಿಗೆ, ಚಪ್ಪಲಿಗೆ ಅಂಟು ಬಳಿಯುವವರಿಗೆ ಮೊದಲು ಸಿಗಬೇಕಾದದ್ದು ಇದು. ಅದರ ಖರ್ಚು ಮಾಲೀಕರದ್ದಾಗಬೇಕು, ಫಲಿತಾಂಶದ ಪ್ರತಿ ಕಾರ್ಮಿಕರ ಕೈಗೂ ಬರಬೇಕು.