ಉಣ್ಣದ ಮರಿಗೆ ಮೊದಲು ಬೇಕಾದುದು ಶಾಖ

ಆಸ್ಟ್ರೇಲಿಯದ ಒಳನಾಡಿನ ಒಣನೆಲದಲ್ಲಿ ಗಡ್ಡದ ಓತಿ ಎಂಬ ಪ್ರಾಣಿಯೊಂದುಂಟು. ನಮ್ಮ ಬೇಲಿಯ ಮೇಲಿನ ಓತಿಕೇತನ ಕುಟುಂಬಕ್ಕೇ ಸೇರಿದ ಇದು ಕೆರಳಿದಾಗ ಗಂಟಲ ಮುಳ್ಳುಚರ್ಮವನ್ನು ಉಬ್ಬಿಸುತ್ತದೆ. ಗಡ್ಡವೆಂಬ ಹೆಸರು ಬಂದುದು ಅದರಿಂದ. ಅಲ್ಲಿ ಇದನ್ನು ಮನೆಗಳಲ್ಲಿ ಸಾಕುವುದುಂಟು. ಹೊಸದಾಗಿ ತಂದ ಮರಿ ಆಹಾರವನ್ನು ಮುಟ್ಟದೆ ಸೊರಗತೊಡಗಿದರೆ ನಾವು ಮೊದಲು ನೋಡಬೇಕಾದುದು ತಟ್ಟೆಯನ್ನಲ್ಲ, ಉಷ್ಣಮಾಪಕವನ್ನು.

ಕಾರಣವೇನು? ನಮ್ಮ ದೇಹ ತಿಂದ ಅನ್ನದಿಂದಲೇ ಶಾಖವನ್ನು ಪಡೆದು ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳುತ್ತದೆ. ಓತಿಯಾದರೋ ಶಾಖವನ್ನು ಹೊರಗಿನಿಂದ ಪಡೆಯಬೇಕು. ಜೀರ್ಣವೆಂಬುದು ರಾಸಾಯನಿಕ ಕ್ರಿಯೆಗಳ ಸರಣಿ. ಉಷ್ಣತೆ ಇಳಿದಂತೆ ಅವುಗಳ ವೇಗವೂ ಇಳಿಯುತ್ತದೆ. ಮೈ ತಣ್ಣಗಿರುವ ಮರಿಗೆ ತಿಂದುದು ಅರಗದು, ಹಸಿವೂ ಆಗದು. ಆದುದರಿಂದ ಗೂಡಿನ ಒಂದು ತುದಿಯಲ್ಲಿ, ದೀಪದ ಕೆಳಗೆ, ಸುಮಾರು 40 ಡಿಗ್ರಿ ಇರಬೇಕು. ಇನ್ನೊಂದು ತುದಿ 25 ಡಿಗ್ರಿಯಷ್ಟು ತಂಪಾಗಿರಬೇಕು. ತನಗೆ ಹಿತವಾದ ಎಡೆಯನ್ನು ಮರಿ ತಾನೇ ಆರಿಸಿಕೊಳ್ಳುತ್ತದೆ.

ಶಾಖವೊಂದೇ ಸಾಲದು. ಎಲುಬಿಗೆ ಕ್ಯಾಲ್ಸಿಯಂ ಒದಗಲು ಡಿ ಜೀವಸತ್ವ ಬೇಕು. ಅದು ಅತಿನೇರಿಳೆ ಕಿರಣಗಳಿಂದ ಚರ್ಮದಲ್ಲಿ ಹುಟ್ಟುತ್ತದೆ. ಕಿಟಕಿಯ ಗಾಜು ಈ ಕೆಲಸ ಮಾಡುವ ಕಿರಣಗಳನ್ನು ತಡೆಯುತ್ತದೆ. ಗಾಜಿನ ಹಿಂದಿನ ಬಿಸಿಲು ಮೈಯನ್ನು ಕಾಯಿಸೀತು, ಎಲುಬನ್ನು ಬಲಪಡಿಸದು. ಆ ಕಿರಣಗಳನ್ನು ಸೂಸುವ ದೀಪವೇ ಬೇಕು.

ಇನ್ನು ಆಹಾರ. ಬೆಳಗ್ಗೆ ಮೈ ಕಾದ ಬಳಿಕ ಜೀವಂತ ಮಿಡತೆಮರಿಯನ್ನು ಬಿಟ್ಟರೆ ಅದರ ಚಲನೆಯೇ ಓತಿಯ ಕಣ್ಣನ್ನು ಸೆಳೆಯುತ್ತದೆ. ಆದರೆ ಮಿಡತೆ ಓತಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾಗಿರಬಾರದು. ಹೊಸ ಎಡೆಯ ಅಂಜಿಕೆ ಕಳೆಯಲು ಕೆಲವು ದಿನಗಳು ಬೇಕಾಗಬಹುದು. ಬಲವಂತದಿಂದ ಬಾಯಿ ತೆರೆಸಿದರೆ ಎಳೆಯ ದವಡೆ ಘಾಸಿಗೊಳ್ಳಬಹುದು. ಇಷ್ಟಾದರೂ ಉಣ್ಣದೆ ತೂಕ ಇಳಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸುವುದೇ ಸರಿ.